ಡಬ್ಬಿಯ ಮೇಲೆ ಬರೆದಿದ್ದ ವೇಗ

ಹೊಸ ಡಬ್ಬಿ ಬಂದ ದಿನ ಸ್ಟುಡಿಯೋದ ಯಜಮಾನಿ ಅದಕ್ಕೆ ಚಿಟಿಕೆ ಅರಿಶಿನ, ಚಿಟಿಕೆ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ನನ್ನ ಮೇಜಿನ ಮೇಲೆ ತಂದಿಟ್ಟರು. ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ ಅಲ್ಯೂಮಿನಿಯಂ ಡಬ್ಬಿ. ಮೈಮೇಲೆಲ್ಲ ಉತ್ತ ಹೊಲದ ಸಾಲಿನಂಥ ಗೀರುಗಳು. ಮುಚ್ಚಳ ತೆಗೆದು ಒಳಗೆ ಎಸ್‌ಎಸ್‌ಡಿ ಎಂಬ ತೆಳ್ಳನೆಯ ಪಟ್ಟಿಯನ್ನು ಕೂರಿಸಿ, ತಿರುಪು ಬಿಗಿದು, ವೈರಿನಿಂದ ಲ್ಯಾಪ್‌ಟಾಪಿಗೆ ಸೇರಿಸಿದರೆ ಒಂದು ಮದುವೆಯ ವಿಡಿಯೋ ಪೂರ್ತಿ ಅದರೊಳಗೆ ಹಿಡಿಯುತ್ತದೆ. ಸೆಕೆಂಡಿಗೆ ಸಾವಿರ ಎಂಬಿ ವೇಗ ಎಂದು ಡಬ್ಬಿ ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಮಕ್ಕಳೇ, ಬಂಗಾರಪೇಟೆಯ ಸ್ಟುಡಿಯೋದಲ್ಲಿ ಅಜ್ಜಿ ಏನು ಕೆಲಸ ಮಾಡುತ್ತಾಳೆ ಎಂದು ನೀವು ಕೇಳಿದಾಗಲೆಲ್ಲ ‘ಕಾಪಿ ಮಾಡ್ತೀನಿ’ ಎಂದಷ್ಟೇ ಹೇಳಿ ಎದ್ದು ಹೋಗಿದ್ದೇನೆ. ನಾಲ್ಕು ಜನರೆದುರು ಮಾತು ಬೆಳೆಸುವುದು ನನಗೆ ಮೊದಲಿಂದಲೂ ಕಷ್ಟ. ಬರೆದರೆ ಯಾರ ಮುಖವನ್ನೂ ನೋಡಬೇಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಮರಾದ ಕಾರ್ಡಿನಲ್ಲಿರುವ ಮದುವೆಯನ್ನು ಡಿಸ್ಕಿಗೆ ಇಳಿಸುವುದು, ಇಳಿದದ್ದು ಸರಿಯಾಗಿದೆಯೇ ಎಂದು ತೆರೆದು ನೋಡುವುದು, ಆಮೇಲೆ ಕಾರ್ಡು ಖಾಲಿ ಮಾಡಬಹುದು ಎಂದು ಹೇಳುವುದು. ನನ್ನ ಕೆಲಸ ಇಷ್ಟೇ. ಇದರಲ್ಲಿ ತಪ್ಪಿದರೆ ಮದುವೆಯನ್ನು ಇನ್ನೊಮ್ಮೆ ಮಾಡಿಸಲಾಗುವುದಿಲ್ಲ.

ಆ ಡಬ್ಬಿ ಬಂದದ್ದು ಒಬ್ಬ ತಾಯಿಗಾಗಿ. ಬೇತಮಂಗಲದ ಕಡೆಯವರು, ಟೊಮೆಟೊ ಆರಿಸುವ ಕೂಲಿಗೆ ಹೋಗುವವರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗಳ ಮದುವೆಗೆ ವಿಡಿಯೋ ಗೊತ್ತುಮಾಡಲು ಬಂದಿದ್ದರು. ಯಜಮಾನಿಯ ಹತ್ತಿರ ಎಲ್ಲ ಮಾತೂ ಮುಗಿದ ಮೇಲೆ, ಸೆರಗಿನ ತುದಿ ಸುತ್ತುತ್ತಾ ಬಾಗಿಲಲ್ಲೇ ನಿಂತರು.

“ಇನ್ನೇನಮ್ಮಾ?” ಎಂದರು ಯಜಮಾನಿ.

“ಧಾರೆ ಎರೆಯೋದು ನಮ್ಮಣ್ಣ, ನಮ್ಮತ್ತಿಗೆ. ನಾನು ಮಂಟಪದ ಮ್ಯಾಲಕ್ಕತ್ತಲ್ಲ. ಊಟದ ಮನೆ ತಾವ ಇರ್ತೀನಿ. ಆ ಧಾರೆ ವಿಡಿಯೋನ ನಂಗೆ ಅವತ್ತೇ ತೋರ್ಸಕ್ಕಾಯ್ತದಾ? ಮಗಳು ಗಾಡಿ ಅತ್ತೋಕ್ ಮುಂಚೆ, ಅವಳ ಪಕ್ಕದಾಗ್ ಕುಂತು ನೋಡ್ಬೇಕು. ಅವಳು ಒಂಟೋದ್ಮೇಲೆ ಒಬ್ಬಳೇ ನೋಡಿ ಏನ್ಮಾಡ್ಲಿ?”

ನಿಮ್ಮ ಅಮ್ಮನ ಮದುವೆಯ ಆಲ್ಬಮಿನಲ್ಲಿ ಧಾರೆಯ ಫೋಟೋದಲ್ಲಿ ಅಜ್ಜಿ ಯಾಕಿಲ್ಲ ಎಂದು ನೀವು ಹುಡುಕಿದ್ದಿರಿ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಮೊದಲೇ ಗಂಡನಿಲ್ಲದ ನಾವೇ ಹಿಂದೆ ಸರಿದುಬಿಡುತ್ತೇವೆ. ಹಾಗಾಗಿ ಆಕೆ ಕೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಯಜಮಾನಿಗೂ ಆಯಿತೆಂದು ಕಾಣುತ್ತದೆ. “ತೋರಿಸ್ತೀವಿ, ಹೋಗಿ ಬನ್ನಿ” ಎಂದು ಮಾತು ಕೊಟ್ಟುಬಿಟ್ಟರು.

ಕೊಟ್ಟ ಮೇಲೆ ಕೂತು ಯೋಚನೆ ಮಾಡಿದೆವು. ಧಾರೆ ಮುಗಿದು, ಊಟವಾಗಿ, ಹೆಣ್ಣು ಒಪ್ಪಿಸಿ, ಗಾಡಿ ಕ್ಯಾಸಂಬಳ್ಳಿಯ ಗಂಡಿನ ಮನೆಗೆ ಹೊರಡುವುದಕ್ಕೆ ನಡುವೆ ಇರುವುದು ಒಂದು ಪಂಕ್ತಿ ಊಟದ ಹೊತ್ತು. ನಮ್ಮ ಹಳೆಯ ಡಿಸ್ಕಿಗೆ ಮದುವೆಯ ಕಾರ್ಡುಗಳನ್ನು ಇಳಿಸಲು ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು. ಅದಕ್ಕಾಗಿ ಈ ಡಬ್ಬಿ.

ಹಳೆಯ ಮದುವೆಯೊಂದು ಲ್ಯಾಪ್‌ಟಾಪಿನಲ್ಲಿತ್ತು. ಅದನ್ನೇ ಡಬ್ಬಿಗೆ ಇಳಿಸಿ ನೋಡಲು ಹೊರಟೆ. ಮೊದಲ ದಿನ ಡಬ್ಬಿ ಹಳೆಯ ಡಿಸ್ಕಿಗಿಂತ ಸೋಮಾರಿಯಾಗಿತ್ತು. ಪರದೆಯ ಮೇಲಿನ ಹಸಿರು ಪಟ್ಟಿ ತೆವಳುತ್ತಿತ್ತು. ಹಾಳು ಮಾಲು ಕಳಿಸಿದ್ದಾರೆ ಎಂದು ಯಜಮಾನಿ ವಾಪಸ್ಸು ಕಳಿಸಲು ಹೊರಟರು. ಆಗ ನಮ್ಮ ಕ್ಯಾಮರಾದವರು ಬಂದರು. ಊರಿಗಾಂನವರು. ಅವರ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತಮಿಳು ಎಲ್ಲಿ ಶುರುವಾಗುತ್ತದೆ ಎಂದು ಅವರಿಗೇ ಗೊತ್ತಿಲ್ಲ.

“ಅಯ್ಯೋ ಅಕ್ಕಾ, ಇದು ಫೋನ್ ಚಾರ್ಜ್ ಮಾಡೋ ವೈರು! ಡಬ್ಬಿ ಜೊತೆ ಬಂದಿದ್ದು ಎಂಗೇ?”

ಎಲ್ಲಿ ಎಂದು ಹುಡುಕಿದರೆ, ಅದು ಯಜಮಾನಿಯ ಫೋನಿಗೆ ಚುಚ್ಚಿಕೊಂಡು ಗೋಡೆಯಲ್ಲಿ ನೇತಾಡುತ್ತಿತ್ತು. ಎರಡರ ತಲೆಯೂ ಒಂದೇ ಥರ. ನೋಡಿದರೆ ಅವಳಿ ಮಕ್ಕಳು. ಒಂದರಲ್ಲಿ ಕರೆಂಟು ಮಾತ್ರ ಚೆನ್ನಾಗಿ ಹರಿಯುತ್ತದೆ, ಫೈಲು ತೆವಳುತ್ತದೆ.

“ನನ್ನ ಫೋನು ಯಾಕೆ ಅಷ್ಟು ಚೆನ್ನಾಗಿ ಚಾರ್ಜ್ ಆಯ್ತು ಅಂತ ಈಗ ಗೊತ್ತಾಯ್ತು” ಎಂದು ಯಜಮಾನಿ ನಕ್ಕರು. ಅವತ್ತೇ ಡಬ್ಬಿಯ ವೈರಿಗೆ ಕೆಂಪು ದಾರ ಕಟ್ಟಿದೆ.

ವೈರು ಬದಲಾದ ಮೇಲೆ ಡಬ್ಬಿ ಹಾರತೊಡಗಿತು. ಯಜಮಾನಿ ವೇಗ ಅಳೆಯುವ ಪ್ರೋಗ್ರಾಮು ಹಾಕಿ ನೋಡಿದರು. ಪೆಟ್ಟಿಗೆಯ ಮೇಲಿನ ಅಂಕಿಯ ಹತ್ತಿರ ಹತ್ತಿರ ಬಂತು. ಇಬ್ಬರೂ ಕಾಫಿ ಕುಡಿದೆವು. ಆಮೇಲೆ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಮದುವೆಯನ್ನು ಪೂರ್ತಿ ಅದಕ್ಕೆ ಕಳಿಸಿದೆ. ವರಪೂಜೆ ಮುಗಿಯುವವರೆಗೂ ಓಡಿತು. ಕಾಶಿಯಾತ್ರೆಯ ಹೊತ್ತಿಗೆ ನಡೆಯತೊಡಗಿತು. ಧಾರೆಗೆ ಬರುವಷ್ಟರಲ್ಲಿ ಕೂತೇಬಿಟ್ಟಿತು.

“ಪ್ರೋಗ್ರಾಮು ಸಣ್ಣ ತುಂಡು ಬರೆದು ನೋಡ್ತದೆ ಅಕ್ಕಾ. ನಾವು ಇಡೀ ಮದುವೆ ತುಂಬ್ತಾ ಇದೀವಿ” ಎಂದರು ಯಜಮಾನಿ. ಒಳಗೆ ಬೇಗ ಬರೆಯುವ ಜಾಗ ಸ್ವಲ್ಪವೇ ಇರುತ್ತದಂತೆ. ಅದು ತುಂಬಿದ ಮೇಲೆ ಡಬ್ಬಿ ತನ್ನ ನಿಜವಾದ ನಡಿಗೆಗೆ ಇಳಿಯುತ್ತದಂತೆ. ಇದು ನನಗೆ ಕೂಡಲೇ ಹಿಡಿಯಿತು. ನಮ್ಮೂರ ಬಾವಿಯಲ್ಲಿ ಬೆಳಗ್ಗೆ ಮೊದಲು ಹೋದವರಿಗೆ ರಾತ್ರಿಯೆಲ್ಲ ನಿಂತ ನೀರು. ಕೊಡದ ಮೇಲೆ ಕೊಡ ಸೇದಬಹುದು. ಆಮೇಲೆ ಬಂದವರು ಒರತೆಯಿಂದ ಎಷ್ಟು ಊರುತ್ತದೋ ಅಷ್ಟಕ್ಕೇ ಕಾಯಬೇಕು. ಬಾವಿಯ ಯೋಗ್ಯತೆ ತಿಳಿಯಬೇಕಾದರೆ ಮೊದಲ ಕೊಡವನ್ನು ನೋಡಬಾರದು, ಹತ್ತು ಮನೆಯವರು ಸೇದಿದ ಮೇಲೆ ನೋಡಬೇಕು.

ಆದರೂ ಅದು ಕೂತ ರೀತಿ ನನಗೆ ಸರಿಯೆನಿಸಲಿಲ್ಲ. ನಿಧಾನವಾಗುವುದು ಬೇರೆ, ಕುಸಿಯುವುದು ಬೇರೆ. ಕೈಯಿಟ್ಟು ನೋಡಿದರೆ ಡಬ್ಬಿ ಇಡ್ಲಿ ಪಾತ್ರೆಯ ಮುಚ್ಚಳದಂತೆ ಸುಡುತ್ತಿತ್ತು. ತಪ್ಪು ನನ್ನದೇ. ಅರಿಶಿನ ಕುಂಕುಮ ಹಚ್ಚಿ ತಂದುಕೊಟ್ಟ ಸಾಮಾನು, ಗೀರುಗಳಲ್ಲಿ ಧೂಳು ಕೂರದಿರಲಿ ಎಂದು ಉಳಿದ ಉಣ್ಣೆಯಲ್ಲಿ ಅದಕ್ಕೊಂದು ಚೀಲ ಹೆಣೆದು ಹಾಕಿದ್ದೆ. ವೈರು ಹೋಗಲು ತುದಿಯಲ್ಲಿ ಕಾಜವನ್ನೂ ಬಿಟ್ಟಿದ್ದೆ.

ಕ್ಯಾಮರಾದವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಸ್ವೆಟರ್ರಾ? ಅಕ್ಕಾ, ಪಾಪ ಅದಕ್ಕೆ ಮೂಗೂ ಇಲ್ಲ, ಉಸಿರೂ ಇಲ್ಲ! ಆ ಸಾಲು ಸಾಲು ಇರೋದೇ ಸೂಡು ಆಚೆ ಹೋಗೋಕೆ.”

“ಸ್ವೆಟರ್ ಮಾತ್ರ ಸೂಪರಾಗಿದೆ, ನನ್ನ ಫೋನಿಗಿರಲಿ” ಎಂದು ಯಜಮಾನಿ ಎತ್ತಿಕೊಂಡರು.

ಬರಿಮೈಯಲ್ಲಿ ಮರದ ಮೇಜಿನ ಮೇಲಿಟ್ಟು ಇಳಿಸಿ ನೋಡಿದೆ. ಪರವಾಗಿಲ್ಲ. ಸ್ಟೀಲು ತಟ್ಟೆಯನ್ನು ಬೋರಲು ಹಾಕಿ ಅದರ ಮೇಲಿಟ್ಟೆ. ಇನ್ನೂ ವಾಸಿ. ಅಂಗಡಿಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ನೆರಳಿನಲ್ಲಿಟ್ಟಾಗ ಕೊನೆಯವರೆಗೂ ಒಂದೇ ಸಮನೆ ನಡೆಯಿತು. ಸಾವಿರವೆಲ್ಲ ಬರಲಿಲ್ಲ. ಅದರ ಅರ್ಧಕ್ಕಿಂತ ಕಡಿಮೆಯೇ, ಆದರೆ ಬಿಡದೆ ನಡೆಯಿತು.

ಇಷ್ಟಾದ ಮೇಲೆ, ಲ್ಯಾಪ್‌ಟಾಪಿನಿಂದ ಅಲ್ಲ, ನೇರವಾಗಿ ಕಾರ್ಡಿನಿಂದಲೇ ಡಬ್ಬಿಗೆ ಇಳಿಸಿ ನೋಡಿದೆ. ಛತ್ರದಲ್ಲಿ ಮಾಡಬೇಕಾದದ್ದು ಅದೇ ತಾನೇ? ವೇಗ ಮತ್ತೆ ನೆಲಕ್ಕಿಳಿಯಿತು. ಡಬ್ಬಿ ತಣ್ಣಗಿತ್ತು, ವೈರು ಸರಿಯಾಗಿತ್ತು. ಕಾರ್ಡು ಓದಿ ಕೊಡುವಷ್ಟನ್ನೇ ಡಬ್ಬಿ ಬರೆದುಕೊಳ್ಳಬೇಕು. ಬಡಿಸುವವರು ಸೌಟಿನಲ್ಲಿ ಬಡಿಸುತ್ತಿದ್ದರೆ ಎಲೆ ಎಷ್ಟು ದೊಡ್ಡದಾದರೇನು? ಮೂರು ಸಲ ಬೇರೆ ಬೇರೆ ಕಾರ್ಡಿನಲ್ಲಿ ನೋಡಿದೆ. ಒಂದು ಪಂಕ್ತಿ ಊಟದ ಹೊತ್ತಿನಲ್ಲಿ ಇಡೀ ಮದುವೆ ಇಳಿಯುವುದಿಲ್ಲ ಎಂಬುದು ಖಚಿತವಾಯಿತು.

ಯಜಮಾನಿಗೆ ಹೇಳಿದಾಗ ಅವರ ಮುಖ ಬಾಡಿತು. “ಆಗಲ್ಲ ಅಂತ ಆಕೆಗೆ ಹೇಗೆ ಹೇಳೋದಕ್ಕಾ?”

ಆ ಸಂಜೆ ಮನೆಯಲ್ಲಿ ಮುದ್ದೆಗೆ ಎಸರಿಟ್ಟು ಯೋಚಿಸುತ್ತಿದ್ದೆ. ಆಕೆ ಇಡೀ ಮದುವೆ ಕೇಳಿಲ್ಲ, ಧಾರೆ ಕೇಳಿದ್ದಾರೆ. ಕಾರ್ಡು ತುಂಬುವವರೆಗೂ ಒಂದೇ ಕಾರ್ಡಿನಲ್ಲಿ ತೆಗೆಯುವುದು ನಮ್ಮ ರೂಢಿ. ಧಾರೆಯು ಒಂದು ದೊಡ್ಡ ಕಾರ್ಡಿನ ಮಧ್ಯದಲ್ಲೆಲ್ಲೋ ಸಿಕ್ಕಿಕೊಂಡಿರುತ್ತದೆ. ಅದನ್ನೇ ಬೇರೆ ಸಣ್ಣ ಕಾರ್ಡಿನಲ್ಲಿ ತೆಗೆದರೆ? ವೇಗ ಹೆಚ್ಚಿಸಲಾಗದಿದ್ದರೆ ಹೊರೆ ಕಡಿಮೆ ಮಾಡಬಹುದಲ್ಲ.

ಬೆಳಗ್ಗೆ ಇದನ್ನು ಕ್ಯಾಮರಾದವರಿಗೆ ಹೇಳಲು ಎರಡು ಸಲ ಗಂಟಲು ಸರಿಮಾಡಿಕೊಂಡೆ.

“ಧಾರೆಗೆ ಮುಂಚೆ ಕಾರ್ಡು ಬದಲಾಯಿಸೋದಾ? ಅಕ್ಕಾ, ನಾನು ಕಾರ್ಡು ಚೇಂಜ್ ಮಾಡೋವರೆಗೂ ಗಟ್ಟಿಮೇಳ ವೆಯ್ಟ್ ಮಾಡ್ತದಾ? ಅಯ್ಯರು ನನ್ನ ಮುಖಕ್ಕೆ ಅಕ್ಷತೆ ಎಸೀತಾರೆ.”

“ಅಂತರಪಟ ಹಿಡಿದು ಮಂತ್ರ ಹೇಳ್ತಾ ಇರ್ತಾರಲ್ಲ, ಆಗ” ಎಂದೆ.

ಅವರು ತಲೆ ಕೆರೆದುಕೊಂಡರು. “ಆಗ ಆಗ್ತದೆ. ಸರಿ. ಸ್ಟ್ಯಾಂಡಲ್ಲಿರೋ ಎರಡನೇ ಕ್ಯಾಮರಾಗೂ ಚೇಂಜ್ ಮಾಡ್ತೀನಿ. ಆದ್ರೆ ಒಂದು ಮಾತು, ಸಾಯಂಕಾಲ ಊರಿಗಾಂನಲ್ಲಿ ನಂಗೆ ರಿಸೆಪ್ಷನ್ ಇದೆ. ಕಾರ್ಡು ಶಾರ್ಟೇಜು. ನೀವು ಬೇಗ ಬೇಗ ಖಾಲಿ ಮಾಡಿ ಕೊಡ್ತಾ ಇರ್ಬೇಕು.”

ಮದುವೆಯ ದಿನ ಛತ್ರದ ಉಗ್ರಾಣದಲ್ಲಿ ನನಗೆ ಜಾಗ ಕೊಟ್ಟರು. ಒಂದು ಕಡೆ ತೆಂಗಿನಕಾಯಿ ರಾಶಿ, ಇನ್ನೊಂದು ಕಡೆ ಬಾಳೆಲೆ ಕಟ್ಟು, ನಡುವೆ ಕಲ್ಲಿನ ಕಟ್ಟೆ. ಡಬ್ಬಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. ಒಂದು ಬಿಳಿ ಟವಲು ಹಾಸಿದೆ. ಬಲಗಡೆ ಇಳಿಸಿ ನೋಡಿದ ಕಾರ್ಡು, ಎಡಗಡೆ ಇನ್ನೂ ಇಳಿಸದ ಕಾರ್ಡು. ಕ್ಯಾಮರಾದವರು ಅಂತರಪಟದ ಹೊತ್ತಿನಲ್ಲಿ ಕಾರ್ಡು ಬದಲಿಸಿದರು. ಗಟ್ಟಿಮೇಳ ನನಗೆ ಗೋಡೆಯಾಚೆಯಿಂದ ಕೇಳಿಸಿತು. ಸ್ವಲ್ಪ ಹೊತ್ತಿಗೆ ಧಾರೆಯ ಎರಡು ಕಾರ್ಡು ಟವಲಿನ ಎಡಗಡೆಗೆ ಬಂದವು. ಕೈಯಲ್ಲಿ ಹಿಡಿದು ತೆಗೆಯುವ ದೊಡ್ಡ ಕ್ಯಾಮರಾದ್ದು ಒಂದು, ಮಂಟಪದ ಪಕ್ಕದಿಂದ ಜನರ ಕಡೆಗೆ ತಿರುಗಿಸಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ಕ್ಯಾಮರಾದ್ದು ಇನ್ನೊಂದು.

ದೊಡ್ಡ ಕ್ಯಾಮರಾದ್ದನ್ನು ಮೊದಲು ಹಾಕಿದೆ. ಲೆಕ್ಕ ಹಾಕಿದ್ದಂತೆಯೇ ಇಳಿಯುತ್ತಿತ್ತು. ಆಗ ಯಜಮಾನಿ ಕಿಟಕಿಯಲ್ಲಿ ತಲೆ ಹಾಕಿದರು.

“ಅಕ್ಕಾ, ಮದುಮಗಳ ರೂಮಲ್ಲಿ ಟಿವಿ ರೆಡಿ ಇದೆ. ಮುಗಿದ ತಕ್ಷಣ ಡಬ್ಬಿ ಸಮೇತ ಅಲ್ಲಿಗೇ ಬಂದುಬಿಡಿ.”

“ಆಯ್ತು” ಎಂದೆ.

ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಪಕ್ಕದಲ್ಲಿ ಊಟದ ಮನೆಯ ಬಕೆಟ್ಟುಗಳ ಸದ್ದು. ಸ್ವಲ್ಪ ಹೊತ್ತಾದ ಮೇಲೆ ಎರಡನೇ ಕಾರ್ಡಿಗೆ ಕೈ ಚಾಚಿದರೆ ಬೆರಳಿಗೆ ಟವಲು ಮಾತ್ರ ಸಿಕ್ಕಿತು.

ನಡೆದದ್ದು ಇಷ್ಟು. ನಾನು ಯಜಮಾನಿಗೆ ಉತ್ತರ ಕೊಟ್ಟ ಹೊತ್ತಿನಲ್ಲೇ ಕ್ಯಾಮರಾದವರು ಬೆನ್ನ ಹಿಂದಿನ ಬಾಗಿಲಿನಿಂದ ಬಗ್ಗಿ, “ಇದು ಆಯ್ತಾ ಅಕ್ಕಾ?” ಎಂದು ಕೇಳಿದ್ದಾರೆ. ನನಗದು ಕೇಳಿಸಿಲ್ಲ. ನಾನು ‘ಆಯ್ತು’ ಎಂದದ್ದು ಅವರಿಗೆ ಕೇಳಿಸಿದೆ. ‘ಹಾಗೇ ಮಾಡ್ತೀನಿ’ ಅನ್ನುವುದಕ್ಕೂ ಆಯ್ತು, ‘ಮುಗಿಯಿತು’ ಅನ್ನುವುದಕ್ಕೂ ಆಯ್ತು. ಜೀವನಪೂರ್ತಿ ಆ ಒಂದು ಮಾತನ್ನು ಅಡ್ಡ ಇಟ್ಟುಕೊಂಡು, ಉಳಿದ ಮಾತನ್ನು ತಪ್ಪಿಸಿಕೊಂಡವಳು ನಾನು.

ಊಟದ ಮನೆಗೆ ಓಡಿದೆ. ಪಂಕ್ತಿ ಕೂತಿತ್ತು. ಕ್ಯಾಮರಾದವರು ಮೂಲೆಯಲ್ಲಿ ನಿಂತು, ಪಾಯಸ ಬಡಿಸುವವರ ಕಡೆಗೆ ಕ್ಯಾಮರಾ ತಿರುಗಿಸಿ, ಬೆರಳನ್ನು ಕೆಂಪು ಗುಂಡಿಯ ಮೇಲಿಟ್ಟಿದ್ದರು.

“ಒತ್ತಬ್ಯಾಡ್ರೀ!”

ಅಷ್ಟು ದೊಡ್ಡ ದನಿ ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ. ಸಾರಿನ ಬಕೆಟ್ಟು ಹಿಡಿದವರು ನಿಂತರು. ತುತ್ತು ಎತ್ತಿದವರು ಎತ್ತಿದಂತೆಯೇ ನನ್ನನ್ನು ನೋಡಿದರು. “ಏನಾಯ್ತು, ಹಲ್ಲಿ ಬಿತ್ತಾ?” ಎಂದು ಯಾರೋ ಸಾರಿನೊಳಗೆ ಇಣುಕಿದರು.

“ಕಾರ್ಡು ಖಾಲಿ ಮಾಡಿದ್ರಾ?”

“ಮಾಡಿದೆ. ನೀವೇ ಆಯ್ತು ಅಂದ್ರಲ್ಲಕ್ಕಾ!” ಕ್ಯಾಮರಾದವರ ಮುಖ ಬೆಳ್ಳಗಾಯಿತು. “ಅಯ್ಯಯ್ಯೋ… ಆಗಿರ್ಲಿಲ್ವಾ?”

“ಅದರ ಮೇಲೆ ಏನಾದ್ರೂ ತೆಗೆದ್ರಾ?”

“ಇಲ್ಲ. ಈಗ್ತಾನೇ…”

“ಹಾಗಾದ್ರೆ ಆಚೆ ತೆಗೀರಿ. ಇನ್ನೊಂದು ಗಳಿಗೆಯದ್ದೂ ಅದರಲ್ಲಿ ಬರೀಬ್ಯಾಡಿ.”

ಅಷ್ಟರಲ್ಲಿ ಯಜಮಾನಿಯೂ ಬಂದಿದ್ದರು. ಖಾಲಿ ಮಾಡಿದ ಕಾರ್ಡಿನಲ್ಲಿ ಹೊಸದು ಬೀಳದಿದ್ದರೆ ಹಳೆಯದು ಇನ್ನೂ ಒಳಗೇ ಇರುತ್ತದೆ, ಅದರ ದಾರಿ ಹೇಳುವ ಪಟ್ಟಿ ಮಾತ್ರ ಅಳಿಸಿರುತ್ತದೆ ಎಂದು ಹಿಂದೊಮ್ಮೆ ಅವರೇ ಹೇಳಿಕೊಟ್ಟಿದ್ದರು. ಕಾರ್ಡನ್ನು ಕಾಗದದಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡರು. ಊಟದ ಚಿತ್ರಗಳನ್ನು ಕ್ಯಾಮರಾದವರು ತಮ್ಮ ಫೋನಿನಲ್ಲೇ ತೆಗೆದರು. ಒಂದು ಸಲವೂ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ನನಗೆ ಹಗುರವಾಗುತ್ತಿತ್ತು.

ದೊಡ್ಡ ಕ್ಯಾಮರಾದ ಧಾರೆ ಡಬ್ಬಿಯಲ್ಲಿತ್ತು. ತೆರೆದು ನೋಡಿ, ಮದುಮಗಳ ರೂಮಿಗೆ ಒಯ್ದು ಟಿವಿಗೆ ಹಾಕಿದೆವು. ತಾಯಿ ಬಾಗಿಲಲ್ಲೇ ನೆಲಕ್ಕೆ ಕೂರಹೊರಟರು. ಮಗಳು ರೇಷ್ಮೆ ಸೀರೆಯಲ್ಲೇ ಎದ್ದು ಬಂದು, ಕೈ ಹಿಡಿದು ಎಳೆದು ಮಂಚದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು.

ತೆರೆಯಲ್ಲಿ ಧಾರೆಯ ನೀರು ಬಿದ್ದಿತು. ತಾಯಿ ನೋಡಿದರು.

“ಅದ್ಯಾಕ್ಲೇ ಅಂಗೆ ಕಣ್ಣೊರೆಸ್ಕೊಂಡೆ? ಓಮದ ಒಗೆ ಕಣ್ಣಿಗೆ ಬಡೀತಾ?”

“ಒಗೆ ಅಲ್ಲ ಕಣಮ್ಮಾ. ನೀನೆಲ್ಲಿದ್ದೀಯಾ ಅಂತ ನೋಡ್ತಿದ್ದೆ. ಕಾಣ್ಲೇ ಇಲ್ಲ.”

“ಇದ್ನಲ್ಲ, ಅಲ್ಲೇ ಆ ಕಡೆ” ಎಂದು ತಾಯಿ ಗೋಡೆಯ ಕಡೆ ಕೈ ತೋರಿಸಿದರು. ಇನ್ನೊಮ್ಮೆ ಹಾಕಿ ಎಂದು ಮಗಳು ಕೇಳಿದಳು. ಹಾಕಿದೆವು. ಹೊರಗೆ ಗಾಡಿಯ ಹಾರನ್ನು ಕೇಳಿಸುವವರೆಗೂ ಅದು ಓಡುತ್ತಿತ್ತು.

ಮಾತು ಉಳಿಯಿತು ಎಂದು ಯಜಮಾನಿ ನಿಟ್ಟುಸಿರುಬಿಟ್ಟರು. ನನಗೆ ಮಾತ್ರ ಕಾಗದದಲ್ಲಿ ಸುತ್ತಿಟ್ಟ ಕಾರ್ಡು ಒಂದೇ ನೆನಪಾಗುತ್ತಿತ್ತು. ಆ ಕ್ಯಾಮರಾ ಜನರ ಕಡೆಗೆ ತಿರುಗಿತ್ತು.

ಮಾರನೆಯ ದಿನ ಅಳಿಸಿಹೋದದ್ದನ್ನು ಹುಡುಕಿ ತೆಗೆಯುವ ಪ್ರೋಗ್ರಾಮಿಗೆ ಆ ಕಾರ್ಡನ್ನು ಕೊಟ್ಟೆವು. ಸಿಕ್ಕಿದ್ದನ್ನು ಮತ್ತೆ ಅದೇ ಕಾರ್ಡಿಗೆ ಬರೆಯಬಾರದು, ಬೇರೆ ಕಡೆ ಬರೆಯಬೇಕು. ಕಲ್ಲಿನ ಮೇಲೆ ಡಬ್ಬಿ ಇಟ್ಟೆ. ಪ್ರೋಗ್ರಾಮು ಕಾರ್ಡನ್ನು ಮೊದಲಿಂದ ಕೊನೆಯವರೆಗೆ ಅಂಗುಲ ಅಂಗುಲವಾಗಿ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಓದುತ್ತಿತ್ತು. ಒಂದು ವಾರ ವೇಗ ಅಳೆದ ಡಬ್ಬಿಗೆ ಅವತ್ತು ಕಾಯುವುದೇ ಕೆಲಸ. ಕ್ಯಾಮರಾದವರು ಊರಿಗಾಂನಿಂದ ಎರಡು ಸಲ ಫೋನು ಮಾಡಿ, “ಕಿಡಚ್ಚಾ? ಸಿಕ್ತಾ ಅಕ್ಕಾ?” ಎಂದು ಕೇಳಿದರು. ಇನ್ನೂ ಇಲ್ಲ, ಕಾರ್ಡು ಓದುತ್ತಾ ಇದೆ, ಅರ್ಧಕ್ಕೆ ಬಂದಿದೆ ಎಂದು ಪೂರ್ತಿ ವಾಕ್ಯದಲ್ಲಿ ಹೇಳಿದೆ. ಒಂದೇ ಪದದಲ್ಲಿ ಉತ್ತರ ಕೊಡುವುದನ್ನು ಬಿಟ್ಟಿದ್ದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೈಲುಗಳು ಒಂದೊಂದಾಗಿ ಬಂದವು. ಹೆಸರಿಲ್ಲದೆ, ಬರೀ ಅಂಕಿ ಹೊತ್ತು. ಎರಡು ತೆರೆಯಲೇ ಇಲ್ಲ. ಮೂರನೆಯದು ತೆರೆಯಿತು. ಅದರಲ್ಲಿ ಧಾರೆಯಿತ್ತು. ನಾನು ಒಮ್ಮೆ ನೋಡಿದೆ. ಯಜಮಾನಿಯನ್ನು ಕರೆದು ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

“ಕಾರ್ಡು ಅಳಿಸಿತ್ತು ಅಂತ ಆಕೆಗೆ ಹೇಳೋದು ಬೇಡ ಅಂದ್ಕೊಂಡಿದ್ದೆ” ಎಂದರು. “ಈಗ ಏನಾದ್ರೂ ಆಗ್ಲಿ, ಕರೀರಿ.”

ಅಪರಿಚಿತರಿಗೆ ಫೋನು ಮಾಡುವುದೆಂದರೆ ನನಗೆ ಎಂದೂ ಆಗದು. ಅವತ್ತು ಮಾಡಿದೆ.

ಮರುದಿನ ಸಂಜೆ ತಾಯಿ ಕೂಲಿ ಮುಗಿಸಿ ಬೇತಮಂಗಲದ ಬಸ್ಸಿನಲ್ಲಿ ಬಂದರು. ಉಗುರಿನಲ್ಲಿ ಟೊಮೆಟೊ ಎಲೆಯ ಹಸಿರಿತ್ತು. ಕಾರ್ಡಿಗೆ ಏನಾಗಿತ್ತು, ಯಾಕಾಗಿತ್ತು ಎಂದು ಮೊದಲು ಹೇಳಿದೆ. ಆಕೆಗೆ ಅದು ದೊಡ್ಡದಾಗಿ ಕಾಣಲಿಲ್ಲ. “ಸಿಕ್ತಲ್ಲ ಬಿಡಕ್ಕಾ” ಎಂದು ಪರದೆಯ ಕಡೆ ತಿರುಗಿದರು.

ಮಂಟಪದ ಕೆಳಗೆ ನಿಂತ ಜನ ಕಾಣಿಸಿದರು. ಎಲ್ಲರ ಹಿಂದೆ, ಊಟದ ಮನೆಯ ಬಾಗಿಲಿನ ಕಂಬಕ್ಕೆ ಒರಗಿ ಒಬ್ಬರು ನಿಂತಿದ್ದಾರೆ. ಮುಂದಿನವರ ತಲೆಗಳ ನಡುವೆ ಅವರಿಗೆ ಏನೂ ಕಾಣುತ್ತಿಲ್ಲ. ಕಾಣಲು ಪ್ರಯತ್ನವನ್ನೂ ಮಾಡುತ್ತಿಲ್ಲ, ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಾರೆ. ಗಟ್ಟಿಮೇಳ ಏಳುತ್ತದೆ. ಅಕ್ಷತೆ ಎಸೆಯಲು ಎಲ್ಲರ ಕೈಯೂ ಮೇಲೇಳುತ್ತದೆ. ಅವರೊಬ್ಬರ ಬಲಗೈ ಮಾತ್ರ ಎದೆಯ ಮಟ್ಟದಲ್ಲಿ ಮುಂದೆ ಬಂದು, ಮೆಲ್ಲನೆ ಕೆಳಗೆ ಬಾಗುತ್ತದೆ. ಧಾರೆಗೆ ಚೊಂಬಿನಿಂದ ನೀರು ಬಿಡುವವರ ಕೈ ಹಾಗೆ ಬಾಗುತ್ತದೆ. ಕೂಡಲೇ ಯಾರೋ ಅಡ್ಡ ಬರುತ್ತಾರೆ, ಕಂಬ ಮರೆಯಾಗುತ್ತದೆ.

ಆಕೆ ತಮ್ಮ ಬಲಗೈಯನ್ನು ತೊಡೆಯ ಮೇಲಿಂದ ಎತ್ತಿ ನೋಡಿಕೊಂಡರು.

“ಅಂಗೆ ಮಾಡಿದ್ನಾ ನಾನು?”

ನಾನು ಹೌದೆಂದು ತಲೆಯಾಡಿಸಿದೆ. ಆಕೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಸರಿಸಿದರು.

“ಅಕ್ಕಾ, ಅದುನ್ನ ಇನ್ನೊಂದ್ಸಲ… ವಸಿ ನಿಧಾನಕ್ ಬಿಡಕ್ಕಾಯ್ತದಾ?”

ನಿಧಾನ ಮಾಡುವ ಗುಂಡಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಎಷ್ಟು ನಿಧಾನಕ್ಕೆ ಇಳಿಸಬಹುದೋ ಅಷ್ಟಕ್ಕೆ ಇಳಿಸಿದೆ.